ಸೂರಿನ ಸಂದು

ಮನೆಯೆಂದರೆ ನಾಲ್ಕು ಗೋಡೆ, ಮೇಲೊಂದು ಮಾಡು ಎಂದು ತಿಳಿದುಕೊಂಡೇ ಅರ್ಧ ಆಯುಷ್ಯ ಕಳೆದವಳು ನಾನು. ಗೋಡೆ ಎಲ್ಲಿ ಮುಗಿಯುತ್ತದೆ, ಮಾಡು ಎಲ್ಲಿ ತೊಡಗುತ್ತದೆ, ಅವೆರಡೂ ಕೂಡುವ ಜಾಗದಲ್ಲಿ ಏನಿರುತ್ತದೆ ಎಂದು ತಲೆಯೆತ್ತಿ ನೋಡಿದವಳಲ್ಲ. ಮೈಸೂರಿನಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದವಳಿಗೆ ಆ ಗೊಡವೆ ಏಕೆ? ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ಹಿಂದಿನ ಸಮ್ಮೇಳನದ ಸಂಚಿಕೆಯಲ್ಲಿ ಮಾಡಿದಂತೆ ಹಬ್ಬದಡುಗೆಯ ವಿಚಾರವನ್ನೇ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಆದರೆ ಈಚಿನ ವರ್ಷಗಳಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದ ವಿಷಯವೆಂದರೆ ನಮ್ಮ ಮನೆಯ ಹೊರಗೋಡೆಗೂ ಸೂರಿಗೂ ನಡುವೆ ಇದ್ದ ಮುಕ್ಕಾಲು ಅಂಗುಲದ ಒಂದು ಸಂದು. ಓದುಗರು ಮನ್ನಿಸಿ, ಈ ಬಾರಿ ಅದನ್ನೇ ಬಡಿಸುತ್ತಿದ್ದೇನೆ.

ನಾವಿರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಮನೆ 1978ರಲ್ಲಿ ಕಟ್ಟಿದ್ದು. ನಾವು ಕೊಂಡದ್ದು 2004ರಲ್ಲಿ. ಇಟ್ಟಿಗೆಯ ಮನೆ ಕೊಂಡೆವೆಂದು ಊರಿನವರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೆ. ಇಲ್ಲಿಯ ಇಟ್ಟಿಗೆ ಮನೆಯ ಭಾರವನ್ನು ಹೊರುವುದೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಭಾರ ಹೊರುವುದು ಒಳಗಿನ ಮರದ ಚೌಕಟ್ಟು. ಅದರಿಂದ ಒಂದು ಅಂಗುಲದಷ್ಟು ದೂರದಲ್ಲಿ, ಮೈಗೆ ತಾಗದಂತೆ ಹೊದ್ದ ಶಾಲಿನ ಹಾಗೆ, ಒಂದೇ ಸಾಲಿನ ಇಟ್ಟಿಗೆಯ ಗೋಡೆ ಎದ್ದು ನಿಂತಿರುತ್ತದೆ. ಮಾಡು ಗೋಡೆಯಿಂದ ಒಂದೂವರೆ ಅಡಿ ಹೊರಚಾಚಿ ಸೂರಾಗುತ್ತದೆ. ಆ ಸೂರಿನ ಅಡಿಭಾಗವನ್ನು ಮುಚ್ಚುವ ಹಲಗೆಗೆ ಸಾಫಿಟ್ ಎಂದು ಹೆಸರು. ಮಲೆನಾಡಿನ ಮನೆಗಳಲ್ಲಿ ಕೋಣೆಯ ಮೇಲೆ ಹಾಸುವ ಹಲಗೆಯನ್ನು ಮುಚ್ಚಿಗೆ ಎನ್ನುತ್ತಾರಲ್ಲವೇ? ಇದನ್ನು ಸೂರಿನ ಮುಚ್ಚಿಗೆ ಎಂದು ಕರೆದರೆ ತಪ್ಪಾಗಲಾರದು.

ಇಟ್ಟಿಗೆಯ ಕೊನೆಯ ವರಸೆಗೂ ಈ ಮುಚ್ಚಿಗೆಗೂ ನಡುವೆ ಒಂದು ಸಂದು ಉಳಿದಿತ್ತು. ಕಟ್ಟಿದವರ ಅಸಡ್ಡೆಯೆಂದು ನಾನು ಬಹುಕಾಲ ಅವರನ್ನು ಬೈದುಕೊಂಡಿದ್ದೆ. ಅದು ಅಸಡ್ಡೆಯಲ್ಲ. ಗೂಡಿನಿಂದ ಹೊರಬಂದ ಸುಟ್ಟ ಇಟ್ಟಿಗೆ ಗಾಳಿಯ ತೇವವನ್ನು ಹೀರಿ ವರ್ಷಗಟ್ಟಲೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತದೆಯಂತೆ. ಮರವಾದರೋ ಒಣಗಿದಂತೆಲ್ಲ ಕುಗ್ಗುತ್ತದೆ. ಒಂದು ಮೇಲಕ್ಕೆ ಬೆಳೆಯುವುದು, ಇನ್ನೊಂದು ಕೆಳಕ್ಕೆ ಇಳಿಯುವುದು. ನಡುವೆ ಎಡೆಯಿಲ್ಲದಿದ್ದರೆ ಮಾಡಿನ ಭಾರ ಇಟ್ಟಿಗೆಯ ಮೇಲೆ ಬಿದ್ದು ಗೋಡೆ ಸೀಳುತ್ತದೆ. ಆದ್ದರಿಂದ ಬಲ್ಲ ಗಾರೆಯವರು ಬೇಕೆಂದೇ ಎಡೆ ಬಿಟ್ಟು, ಅದನ್ನು ಹಿಗ್ಗಿ ಕುಗ್ಗಬಲ್ಲ ಅಂಟಿನಿಂದ ಮುಚ್ಚುತ್ತಾರೆ. ನಮ್ಮ ಮನೆಯಲ್ಲಿ ಆ ಅಂಟು ನಲವತ್ತು ವರ್ಷದ ಬಿಸಿಲು ಹಿಮಗಳಿಗೆ ಒಣಗಿ, ಹಪ್ಪಳದಂತೆ ಮುರಿದು ಉದುರಿಹೋಗಿತ್ತು.

2018ರ ಮೇ ತಿಂಗಳಲ್ಲಿ ನಮ್ಮ ಅತ್ತೆಯವರು ತೀರ್ಥಹಳ್ಳಿಯ ಕಡೆಯ ತಮ್ಮ ಹಳ್ಳಿಯಿಂದ ಇಲ್ಲಿಗೆ ಬಂದರು. ಅದೇ ಮೊದಲ ಸಲ, ಅದೇ ಕೊನೆಯ ಸಲವೂ ಆಯಿತು. 1999ರ ಚಳಿಗಾಲದಲ್ಲಿ ನಮ್ಮ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಹೊರಟು ನಿಂತಿದ್ದರು, ವೀಸಾ ದೊರೆಯಲಿಲ್ಲ. ಆ ಬಳಿಕ ಅವರು ಬರುವ ಮಾತನ್ನೇ ಆಡಿರಲಿಲ್ಲ. ಎಂಬತ್ತರ ಆ ಜೀವ ಕೊನೆಗೂ ಬಂದಿಳಿದು, ಮೂರನೆಯ ದಿನವೇ ಮನೆಯ ಸುತ್ತ ಒಂದು ಸುತ್ತು ಬಂದು, ಅಡುಗೆಮನೆಯ ಹೊರಗೋಡೆಯ ಬುಡದಲ್ಲಿ ಬಾಗಿ ಕುಳಿತರು.

“ಎಂತ ಮಾರಾಯ್ತಿ ಇದು, ಹಿಕ್ಕೆ ಬಿದ್ದಿದೆಯಲ್ಲ?”

“ಇಲಿಯದಿರಬೇಕು ಅತ್ತೆ.”

ಅವರು ಕಡ್ಡಿಯೊಂದರಿಂದ ಒತ್ತಿದರು. ಅದು ಪುಡಿಯಾಗಿ, ಒಳಗೆ ಹುಳುಗಳ ರೆಕ್ಕೆಯ ಚೂರು ಮಿನುಗಿದವು. “ಇಲಿ ಹಿಕ್ಕೆ ಹೀಗೆ ಪುಡಿಯಾಗೂದಿಲ್ಲ. ಇದು ಬಾವಲಿದು,” ಎಂದು ತಲೆಯೆತ್ತಿ ತೋರಿಸಿದರು. ಸಂದಿನ ಒಂದು ಮೂಲೆಯಲ್ಲಿ ಇಟ್ಟಿಗೆಯ ಅಂಚು ಎಣ್ಣೆ ಕೈ ತಾಗಿದ ಬಾಗಿಲಿನ ಹಾಗೆ ಕಪ್ಪಗೆ ಜಿಡ್ಡಾಗಿತ್ತು. ಹದಿನಾಲ್ಕು ವರ್ಷ ಆ ಮನೆಯಲ್ಲಿ ವಾಸವಾಗಿದ್ದ ನನ್ನ ಕಣ್ಣಿಗೆ ಬೀಳದ್ದು ಮೂರು ದಿನದ ಅತಿಥಿಗೆ ಕಂಡಿತ್ತು.

ಅಂದು ಸಂಜೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕಾದೆವು. ಕತ್ತಲಾಗುತ್ತಿದ್ದಂತೆ ಸಂದಿನಿಂದ ಒಂದೊಂದಾಗಿ, ಚೀಲದಿಂದ ಅಡಿಕೆ ಉದುರಿದಂತೆ, ಬಾವಲಿಗಳು ಕೆಳಗೆ ಬಿದ್ದು ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚಿ ಹಾರಿಹೋದವು. ಅತ್ತೆಯವರು ಮೂವತ್ತೆರಡು ಎಣಿಸಿದರು. ನಾನು ಸೀರೆಯ ಸೆರಗಿನಿಂದ ತಲೆ ಮುಚ್ಚಿಕೊಂಡು ಕುಳಿತಿದ್ದೆನಾದ್ದರಿಂದ ನನ್ನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಅರ್ಧ ಅಂಗುಲಕ್ಕಿಂತ ಕಿರಿದಾದ ಸಂದಿನಲ್ಲೂ ಆ ಪ್ರಾಣಿ ಮೈ ಚಪ್ಪಟೆ ಮಾಡಿಕೊಂಡು ನುಸುಳಬಲ್ಲುದು. ನಮ್ಮ ಮುಕ್ಕಾಲು ಅಂಗುಲ ಅದಕ್ಕೆ ರಾಜಬೀದಿ.

ನಮ್ಮವರು ಯಂತ್ರವಿಜ್ಞಾನದ ಎಂಜಿನಿಯರು. ಸಮಸ್ಯೆಯೆಂದು ಹೇಳಿ ಮುಗಿಸುವುದರೊಳಗೆ ಪರಿಹಾರ ಹಿಡಿದು ನಿಲ್ಲುವ ಸ್ವಭಾವ. ಡಬ್ಬಿಯ ಗುಂಡಿಯೊತ್ತಿದರೆ ಬುಸ್ಸೆಂದು ಹೊರಬಂದು ಉಬ್ಬಿ ಗಟ್ಟಿಯಾಗುವ ನೊರೆಯನ್ನು ಅರ್ಧ ಡಜನ್ ತಂದರು. ಬಾವಲಿಗಳನ್ನು ಒಳಗಿಟ್ಟು ಮುಚ್ಚುವುದು ಪಾಪವೆಂಬ ಅರಿವು ಅವರಿಗಿತ್ತು. ಎಲ್ಲವೂ ಹೊರಗೆ ಹಾರಿದ ಮೇಲೆ ಮುಚ್ಚಿಬಿಟ್ಟರೆ ಯಾರಿಗೂ ನೋವಿಲ್ಲವಷ್ಟೇ? ತರ್ಕ ನನಗೂ ಒಪ್ಪಿಗೆಯಾಯಿತು. ಜೂನ್ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆಯ ಮೇಲೆ. ಒಂದು ಶನಿವಾರ ಕೊನೆಯ ಬಾವಲಿ ಹಾರಿದ ನಂತರ ಏಣಿ ಹತ್ತಿ, 10 ಗಂಟೆಯೊಳಗೆ ಅಡುಗೆಮನೆಯ ಪಕ್ಕದ ಸಂದನ್ನು ಉದ್ದಕ್ಕೂ ಮುಚ್ಚಿ, ಕೈ ತೊಳೆದು ಮಲಗಿದೆವು.

ಮಧ್ಯರಾತ್ರಿ ಅತ್ತೆಯವರು ನನ್ನನ್ನು ಎಬ್ಬಿಸಿದರು. ಅವರಿಗೆ ಈ ದೇಶದ ನಿದ್ದೆ ಇನ್ನೂ ಒಗ್ಗಿರಲಿಲ್ಲ. ಅವರ ಕೋಣೆಗೆ ಹೋಗಿ ಕಿವಿಗೊಟ್ಟೆ. ಒಳಚಾವಣಿಯ ಮೇಲೆ, ಗೋಡೆಯ ಮೂಲೆಯಲ್ಲಿ, ಚಿಕ್ಕ ಮಕ್ಕಳ ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಾಡಿಸಿದಂಥ ಸಣ್ಣ ಸದ್ದು. ನಡುನಡುವೆ ಚಿಂವ್ ಚಿಂವ್ ಎಂಬ ಕೂಗು. ಇಬ್ಬರೂ ಬ್ಯಾಟರಿ ಹಿಡಿದು ಹೊರಗೆ ಬಂದೆವು. ಸಂದಿನ ಮುಂದೆ ಬಾವಲಿಗಳು ಸುತ್ತುತ್ತಿದ್ದವು. ಕೆಲವು ಇಟ್ಟಿಗೆಗೆ ಅಂಟಿಕೊಂಡು, ಮುಚ್ಚಿದ ನೊರೆಯ ಅಂಚಿನುದ್ದಕ್ಕೂ ತೆವಳಿ, ಮೂಸಿ, ಹಾರಿ, ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದವು.

“ಒಳಗೆ ಮರಿ ಇದೆ ಮಾರಾಯ್ತಿ,” ಎಂದರು ಅತ್ತೆಯವರು. “ಬಾಣಂತಿಯರನ್ನ ಹೊರಗೆ ಹಾಕಿ ಬಾಗಿಲು ಹಾಕಿದ್ರಲ್ಲ ನೀವು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. 1999ರ ಚಳಿಗಾಲದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮವರನ್ನು ಎಬ್ಬಿಸಿದೆ. ಅಡುಗೆಮನೆಯಿಂದ ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚೂರಿಯನ್ನು ಕೊಟ್ಟೆ. ತೊಗಲಿನ ಕೈಚೀಲ ತೊಟ್ಟು ಅವರು ಏಣಿ ಹತ್ತಿದರು. ನಾನು ಏಣಿ ಹಿಡಿದೆ. ಅತ್ತೆಯವರು ಬ್ಯಾಟರಿ ಹಿಡಿದರು. ನೊರೆ ಹೊರಗೆ ಗಟ್ಟಿಯಾಗಿತ್ತು, ಒಳಗೆ ಇನ್ನೂ ಅಂಟಂಟಾಗಿತ್ತು. ಮೂಲೆಯ ಎರಡು ಅಡಿಯಷ್ಟನ್ನು ಕೊಯ್ದು ಕಿತ್ತು ತೆಗೆಯುವ ಹೊತ್ತಿಗೆ ಒಂದು ಗಂಟೆ ಹಿಡಿಯಿತು. ಅವರು ಏಣಿಯಿಂದ ಇಳಿದು ನಾಲ್ಕು ಹೆಜ್ಜೆ ಹಿಂದೆ ಸರಿದರೋ ಇಲ್ಲವೋ, ಮೊದಲನೆಯದು ಗೋಡೆಗೆ ಬಂದು ಕುಳಿತು, ಕ್ಷಣಮಾತ್ರ ತಡೆದು, ಒಳಗೆ ಜಾರಿತು. ಆಮೇಲೆ ಒಂದರ ಹಿಂದೆ ಒಂದು. ಕೋಣೆಗೆ ಮರಳಿ ಕಿವಿಗೊಟ್ಟಾಗ ಸದ್ದು ಅಡಗಿತ್ತು. ಬೆಳಗಾಗುವವರೆಗೂ ನಮ್ಮ ಮೂವರಿಗೂ ನಿದ್ದೆ ಬರಲಿಲ್ಲ. ಮೂರೂವರೆಗೆ ಕಾಫಿ ಮಾಡಿದೆ.

ಅನಂತರವೇ ನಾನು ಈ ವಿಷಯವನ್ನು ಓದತೊಡಗಿದ್ದು. ಸ್ಥಳೀಯ ಗ್ರಂಥಾಲಯದವರು ಕೇಳಿದ್ದನ್ನೆಲ್ಲ ತರಿಸಿಕೊಟ್ಟರು. ಮಿಶಿಗನ್ನಿನ ಮನೆಗಳಲ್ಲಿ ಹೆಚ್ಚಾಗಿ ಸೇರಿಕೊಳ್ಳುವುದು ದೊಡ್ಡ ಕಂದು ಬಾವಲಿ. ಬೇಸಿಗೆಯಲ್ಲಿ ಹೆಣ್ಣುಗಳೆಲ್ಲ ಒಂದೆಡೆ ಸೇರಿ ಹೆರುತ್ತವೆ. ಬಸುರಿ ಬಾಣಂತಿಯರದೇ ಒಂದು ವಠಾರವೆನ್ನಿ. ಈ ಭಾಗದಲ್ಲಿ ಒಂದೊಂದಕ್ಕೆ ಸಾಮಾನ್ಯವಾಗಿ ಎರಡು ಮರಿ. ಹುಟ್ಟಿದ ಮೂರು ನಾಲ್ಕು ವಾರ ಅವು ಹಾರಲಾರವು. ಆ ಅವಧಿಯಲ್ಲಿ, ಅಂದರೆ ಮೇ ತಿಂಗಳಿಂದ ಆಗಸ್ಟ್ ನಡುವಿನವರೆಗೆ, ಸಂದು ಮುಚ್ಚಿದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ತಾಯಿಗಳು ಬೇರೆ ದಾರಿ ಹುಡುಕುತ್ತ ಮನೆಯ ಕೋಣೆಗಳಿಗೇ ಇಳಿಯುವುದೂ ಉಂಟು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ ಬಿಳಿಮೂತಿ ಎಂಬ ಬೂಷ್ಟಿನ ರೋಗ 2014ರಲ್ಲಿ ಮಿಶಿಗನ್ನಿಗೂ ಬಂತು. ಅದು ಈ ಖಂಡದಲ್ಲಿ ಲಕ್ಷೋಪಲಕ್ಷ ಬಾವಲಿಗಳನ್ನು ಕೊಂದಿದೆ. ರಾತ್ರಿಯೆಲ್ಲ ಸೊಳ್ಳೆ, ಜೀರುಂಡೆ, ಪತಂಗಗಳನ್ನು ತಿಂದು ಬದುಕುವ ಈ ಜೀವಗಳ ಮೇಲೆ ಆ ರೋಗದ ಜೊತೆಗೆ ನಾವೂ ಕೈ ಮಾಡಿದ್ದೆವಲ್ಲ ಎಂದು ನಾಚಿಕೆಯಾಯಿತು. ಆದರೂ ಅವುಗಳ ಜೊತೆ ಒಂದೇ ಮಾಡಿನಡಿ ಬಾಳುವೆ ಮಾಡುವುದು ಕ್ಷೇಮವಲ್ಲ. ಅವುಗಳಲ್ಲಿ ಕೆಲವಕ್ಕೆ ರೇಬಿಸ್ ಇರಬಹುದು. ಬರಿಗೈಯಲ್ಲಿ ಮುಟ್ಟಲೇಬಾರದು. ಮಲಗಿದ್ದವರ ಕೋಣೆಯಲ್ಲಿ ಬಾವಲಿ ಕಂಡರೆ ಕಚ್ಚಿದ ಗುರುತು ಕಾಣದಿದ್ದರೂ, ಅದನ್ನು ಹೊರಗೆ ಬಿಟ್ಟುಬಿಡದೆ, ಆರೋಗ್ಯ ಇಲಾಖೆಯವರನ್ನು ಕೇಳಬೇಕು. ಹಿಕ್ಕೆಯ ಧೂಳೂ ಶ್ವಾಸಕೋಶಕ್ಕೆ ಕೆಡುಕು. ಒಣಗಿದ್ದನ್ನು ಗುಡಿಸದೆ, ನೀರು ಚಿಮುಕಿಸಿ, ಮುಖವಾಡ ಹಾಕಿಕೊಂಡು ತೆಗೆಯಬೇಕು.

ಕಾದೆವು. ಅತ್ತೆಯವರಿಗಂತೂ ಹೊತ್ತು ಹೋಗುವ ಒಳ್ಳೆಯ ಸಾಧನವಾಯಿತು. ಸಂಜೆಯೂಟ ಮುಗಿಸಿ ಹಿತ್ತಲಿಗೆ ಬಂದು ಎಣಿಸುವರು; ಜುಲೈ ಕೊನೆಯ ಹೊತ್ತಿಗೆ ಲೆಕ್ಕ ಅರವತ್ತು ದಾಟಿತು. ಮರಿಗಳು ಹಾರಲು ಕಲಿತವೆಂದು ಮಗನನ್ನು ಕರೆದು ತೋರಿಸಿದರು. ಆ ಸಂಜೆಗಳಲ್ಲಿಯೇ ಅವರು ತಮ್ಮ ಮನೆಯ ಸೂರಿನ ಮಾತು ತೆಗೆದದ್ದು. ಮಂಗಳೂರು ಹಂಚಿನ ಮನೆ ಅದು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೊಡಗಿಸಿದ ಆ ಹಂಚು ಘಟ್ಟ ಹತ್ತಿ ಮಲೆನಾಡಿನ ಎಷ್ಟೋ ಮನೆಗಳ ಹುಲ್ಲನ್ನೂ ಸೋಗೆಯನ್ನೂ ಇಳಿಸಿತು. ಅಲ್ಲಿ ಗೋಡೆಯ ನೆತ್ತಿಯ ಮೇಲೆ ಪಕಾಸಿಗಳು ಕುಳಿತಿರುತ್ತವೆ. ಎರಡು ಪಕಾಸಿಗಳ ನಡುವಿನ ಜಾಗ ತೆರೆದೇ ಇರುತ್ತದೆ. ಒಲೆಯ ಹೊಗೆ ಅಲ್ಲಿಂದ ಹೋಗಬೇಕು, ಗಾಳಿ ಅಲ್ಲಿಂದ ಬರಬೇಕು. ಗುಬ್ಬಿ ಬರುತ್ತದೆ, ಇಲಿಯ ಹಿಂದೆ ಕೇರೆಹಾವೂ ಬರುತ್ತದೆ, ಆಷಾಢದಲ್ಲಿ ಎರಚಲೂ ಬರುತ್ತದೆ. ಎರಚಲಿನ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮಳೆ ಹೋದಮೇಲೆ ಬಿಚ್ಚುವರು. “ನಮ್ಮಲ್ಲಿ ಮುಚ್ಚೂದೂ ಉಂಟು, ತೆಗೆಯೂದೂ ಉಂಟು. ಕಾಲ ನೋಡಿಕೊಳ್ಬೇಕು,” ಎಂದರು. ಮದುವೆಯಾದ ಹೊಸತರಲ್ಲಿ ಆ ಮನೆಯಲ್ಲಿ ಕೇರೆಹಾವು ಕಂಡು ಕಿರುಚಿದ್ದ ನನಗೆ ಆ ತೆರೆದ ಸೂರು ಎಂದೂ ಕಾವ್ಯವಾಗಿ ತೋರಿಲ್ಲ. ಆದರೆ ಮಾತು ಸರಿಯಾಗಿಯೇ ಇತ್ತು.

ಆಗಸ್ಟ್ ಕೊನೆಯಲ್ಲಿ, ಅತ್ತೆಯವರು ಊರಿಗೆ ಹೊರಟ ಮರುವಾರ, ಸಂದಿನ ಬಾಯಿಗೆ ಸಣ್ಣಕಣ್ಣಿನ ಪ್ಲಾಸ್ಟಿಕ್ ಬಲೆ ಇಳಿಬಿಟ್ಟೆವು. ಬಲೆಯ ಮೇಲಂಚನ್ನೂ ಎರಡು ಪಕ್ಕಗಳನ್ನೂ ಗೋಡೆಗೆ ಅಂಟಿಸಿ, ಕೆಳಗಂಚನ್ನು ಎರಡು ಅಡಿ ಕೆಳಗೆ ತೆರೆದಿಡಬೇಕು. ಹೊರಗೆ ಹೊರಟ ಬಾವಲಿ ಬಲೆಯೊಳಗೆ ಕೆಳಕ್ಕೆ ತೆವಳಿ ಹಾರಿಹೋಗುತ್ತದೆ. ಮರಳಿ ಬಂದಾಗ ನೇರ ಸಂದಿಗೇ ಹೋಗಿ ಬಲೆಗೆ ತಾಗುತ್ತದೆಯೇ ಹೊರತು ಕೆಳಗಿನಿಂದ ಹತ್ತಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಒಂದು ವಾರ ಹಾಗೆಯೇ ಬಿಟ್ಟು, ಮೂರು ಸಂಜೆ ಒಂದೂ ಹೊರಬೀಳದ್ದನ್ನು ಕಂಡ ಮೇಲೆ ಮುಚ್ಚುವ ಕೆಲಸಕ್ಕೆ ಕೈ ಹಾಕಿದೆವು.

ಈ ಸಲ ನೊರೆಯಲ್ಲ. ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ, ಅಳಿಲುಗಳು ಕಡಿದು ಹಾಕುತ್ತವೆ. ಸಿಮೆಂಟು ಗಾರೆಯೂ ಅಲ್ಲ. ಅದು ಇಟ್ಟಿಗೆಯ ಹಿಗ್ಗನ್ನೂ ಮರದ ಕುಗ್ಗನ್ನೂ ತಾಳಲಾರದೆ ಬಿರುಕು ಬಿಡುತ್ತದೆ. ಮೊದಲು ಹಳೆಯ ಅಂಟನ್ನು ಹೆರೆದು, ಧೂಳನ್ನು ಕುಂಚದಿಂದ ಝಾಡಿಸಬೇಕು. ಆಮೇಲೆ ಬ್ಯಾಕರ್ ರಾಡ್ ಎಂಬ ಮೆತ್ತನೆಯ ಹಗ್ಗವನ್ನು ಸಂದಿನೊಳಗೆ ತುರುಕಬೇಕು. ಹಗ್ಗ ಸಂದಿಗಿಂತ ಕಾಲುಭಾಗದಷ್ಟು ದಪ್ಪವಾಗಿದ್ದರೆ ಬಿಗಿಯಾಗಿ ಕೂರುತ್ತದೆ. ಲಂಗಕ್ಕೆ ಲಾಡಿ ಪೋಣಿಸಿದವರಿಗೆ ಈ ಕೆಲಸ ಹೊಸತಲ್ಲ. ಅದರ ಮೇಲೆ ಪಾಲಿಯುರೆಥೇನ್ ಅಂಟು. ಪಿಸ್ತೂಲಿನಂಥ ಸಾಧನದಲ್ಲಿ ಕೊಳವೆಯಿಟ್ಟು ಒತ್ತಿದರೆ ಬರುವ ಆ ಅಂಟನ್ನು ಸಮನಾಗಿ ಎಳೆಯುವುದರಲ್ಲಿ ನಮ್ಮವರು ಸೋತರು. ಚಕ್ಕುಲಿ ಒರಳಿನಲ್ಲಿ ಮೂವತ್ತು ವರ್ಷ ಕೈ ಪಳಗಿಸಿದ ನಾನು ಏಣಿ ಹತ್ತಬೇಕಾಯಿತು. ಒತ್ತುವ ಕೈ, ಸರಿಯುವ ಕೈ ಎರಡೂ ಒಂದೇ ಲಯದಲ್ಲಿರಬೇಕು, ಅಷ್ಟೆ.

ಹಗ್ಗವೇಕೆ, ಅಂಟನ್ನೇ ತುಂಬಬಾರದೇ ಎಂದು ನಾನೂ ಕೇಳಿದ್ದೆ. ಅಂಟು ಮೇಲಿನ ಮರಕ್ಕೂ ಕೆಳಗಿನ ಇಟ್ಟಿಗೆಗೂ ಹಿಡಿದುಕೊಳ್ಳಬೇಕೇ ಹೊರತು ಬೆನ್ನಿಗೆ ಹಿಡಿಯಬಾರದು. ಮೂರು ಕಡೆ ಹಿಡಿದರೆ ಸಂದು ಹಿಗ್ಗಿದಾಗ ಎಳೆದುಕೊಳ್ಳಲಾಗದೆ ಹರಿಯುತ್ತದೆ. ಹಗ್ಗಕ್ಕೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಬೆನ್ನು ಬಿಡುವಾಗಿರುತ್ತದೆ. ಅಂಟಿನ ಆಳ ಸಂದಿನ ಅಗಲದ ಅರ್ಧವಿದ್ದರೆ ಸಾಕು. ಇನ್ನೊಂದು ಮಾತು: ಇಟ್ಟಿಗೆ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಗಾರೆಯಿಲ್ಲದ ಸಣ್ಣ ಕಂಡಿಗಳಿರುತ್ತವೆ. ಅವನ್ನು ಮುಚ್ಚಬಾರದು. ಇಟ್ಟಿಗೆಯ ಹಿಂದೆ ಇಳಿದ ಮಳೆನೀರು ಹೊರಹೋಗುವ ದಾರಿ ಅದೇ.

ಇಷ್ಟು ಕಲಿತವರು ಅಲ್ಲಿಗೆ ನಿಲ್ಲಬೇಕಿತ್ತು. ಸಾಫಿಟ್ಟಿನ ಹಲಗೆಯಲ್ಲಿ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿದ್ದವು. ಏಣಿ ಹೇಗೂ ಹಾಕಿದೆ, ಅವನ್ನೂ ಮುಚ್ಚಿದರೆ ಚಳಿಗಾಲದಲ್ಲಿ ಬಿಸಿ ಉಳಿಯುತ್ತದೆಯೆಂದು ಅಲ್ಯೂಮಿನಿಯಮ್ ಪಟ್ಟಿ ಅಂಟಿಸಿಬಿಟ್ಟೆವು. ಪಟ್ಟಿಯ ಸುರುಳಿ ಹಿಡಿದು ಕೊಟ್ಟವಳು ನಾನೇ. ಆದ್ದರಿಂದ ನಮ್ಮವರೊಬ್ಬರ ಮೇಲೆ ದೂರು ಹೊರಿಸಲಾರೆ.

2019ರ ಜನವರಿಯ ಕೊನೆಯ ವಾರದ ಚಳಿಯನ್ನು ಮಧ್ಯಪಶ್ಚಿಮದ ಕನ್ನಡಿಗರು ಮರೆತಿರಲಾರರು. ಉತ್ತರಧ್ರುವದ ಶೀತಗಾಳಿ ಇಳಿದುಬಂದು ಡೆಟ್ರಾಯಿಟಿನಲ್ಲಿ ಉಷ್ಣಮಾನ ಫ್ಯಾರನ್‌ಹೀಟ್ ಸೊನ್ನೆಗಿಂತ ಹತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿದಿತ್ತು. ಚಳಿ ಇಳಿದ ಕೆಲವೇ ದಿನಗಳಲ್ಲಿ ಅತ್ತೆಯವರು ಮಲಗಿದ್ದ ಕೋಣೆಯ ಒಳಚಾವಣಿಯಲ್ಲಿ ಕಾಫಿ ಚೆಲ್ಲಿದಂಥ ಕಲೆ ಮೂಡಿತು. ಮಾಡು ಸೋರುತ್ತಿದೆಯೆಂದು ಅಟ್ಟ ಹತ್ತಿದರೆ ಅಲ್ಲಿ ಮಳೆ! ಮಾಡಿನ ಹಲಗೆಯ ಒಳಮೈಗೆಲ್ಲ ಹಿಮದ ಹೊದಿಕೆ. ಹೊರಚಾಚಿದ ಒಂದೊಂದು ಮೊಳೆಯ ತುದಿಯಲ್ಲೂ ಒಂದೊಂದು ಹಿಮಮಣಿ. ಎಲ್ಲ ಕರಗಿ ತೊಟ್ಟಿಕ್ಕುತ್ತಿದ್ದವು. ಹೊರಗಿನ ನೀರಲ್ಲ ಅದು. ನಮ್ಮದೇ ಮನೆಯ ಹಬೆ. ಬೆಳಗಿನ ಇಡ್ಲಿ, ಮಧ್ಯಾಹ್ನದ ಸಾರು, ಸ್ನಾನದ ಬಿಸಿನೀರು ಎಲ್ಲವೂ ಒಳಚಾವಣಿಯ ಬಿರುಕುಗಳಿಂದ ಮೇಲೇರಿ, ಹೋಗಲು ದಾರಿಯಿಲ್ಲದೆ ತಣ್ಣನೆಯ ಹಲಗೆಗೆ ತಾಗಿ ಹೆಪ್ಪುಗಟ್ಟಿದ್ದವು.

ಈ ನಾಡಿನ ಅಟ್ಟ ಮನೆಯ ಒಳಗಲ್ಲ, ಹೊರಗು ಎಂಬುದು ಆಗ ಅರ್ಥವಾಯಿತು. ಸೂರಿನ ಕಂಡಿಯಿಂದ ತಣ್ಣನೆಯ ಗಾಳಿ ಒಳಬಂದು, ಮಾಡಿನ ನೆತ್ತಿಯ ಕಂಡಿಯಿಂದ ತೇವವನ್ನು ಹೊತ್ತು ಹೊರಹೋಗಬೇಕು. ಇಲ್ಲಿಯ ಕಟ್ಟಡ ನಿಯಮಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕದಂತೆ ಅಟ್ಟದ ನೆಲದ 150 ಚದರಡಿಗೆ 1 ಚದರಡಿ ಕಂಡಿ ಬೇಕು. ಮೇಲೂ ಕೆಳಗೂ ಸರಿಯಾಗಿ ಹಂಚಿದ್ದರೆ 300ಕ್ಕೆ 1 ಸಾಕು. ನಮ್ಮ 1,200 ಚದರಡಿಯ ಅಟ್ಟಕ್ಕೆ 4 ಚದರಡಿ. ಅದರ ಅರ್ಧವನ್ನು ನಾವು ಪಟ್ಟಿಯಂಟಿಸಿ ಕೊಂದಿದ್ದೆವು. ಬಿಸಿಯನ್ನು ತಡೆಯಬೇಕಾದದ್ದು ಸೂರಿನಲ್ಲಲ್ಲ, ಕೋಣೆಯ ಒಳಚಾವಣಿಯಲ್ಲಿ. ಆ ವಸಂತದಲ್ಲಿ ಪಟ್ಟಿಗಳನ್ನೆಲ್ಲ ಕಿತ್ತೆವು. ಅಟ್ಟದ ನೆಲದ ಹತ್ತಿಯಂಥ ಹೊದಿಕೆಯನ್ನು ಸರಿಸಿ, ದೀಪದ ಡಬ್ಬಿ, ಕೊಳವೆ, ತಂತಿಗಳು ತೂರಿಬಂದ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿದೆವು. ಉಳಿದಿದ್ದ ನೊರೆ ಡಬ್ಬಿಗಳು ಅಲ್ಲಿ ಸಾರ್ಥಕವಾದವು. ಹೊಗೆಗೂಡಿನ ಸುತ್ತ ಮಾತ್ರ ತಗಡು, ಬೆಂಕಿ ತಾಳುವ ಅಂಟು. ಅಲ್ಲಿ ನೊರೆ ಕೂಡದು. ಬಚ್ಚಲಿನ ಗಾಳಿಯಂತ್ರದ ಕೊಳವೆ ನಲವತ್ತು ವರ್ಷಗಳಿಂದ ಅಟ್ಟದೊಳಕ್ಕೇ ಹಬೆಯೂದುತ್ತಿದ್ದುದು ಆಗ ಕಂಡಿತು. ಅದನ್ನು ಮಾಡಿನಾಚೆಗೆ ಒಯ್ದೆವು. ಹೊದಿಕೆ ಸೂರಿನ ಕಂಡಿಗೆ ಅಡ್ಡವಾಗದಂತೆ ಪಕಾಸಿಗಳ ನಡುವೆ ಥರ್ಮೋಕೋಲಿನ ಕಾಲುವೆಗಳನ್ನಿಟ್ಟೆವು. ಮುಂದಿನ ಚಳಿಗಾಲ ಅಟ್ಟ ಒಣಗಿಯೇ ಇತ್ತು, ಗ್ಯಾಸಿನ ಬಿಲ್ಲೂ ತುಸು ತಗ್ಗಿತು.

ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅತ್ತೆಯವರು ಅಟ್ಟದ ಮಳೆಗೆ ಮನಸಾರೆ ನಕ್ಕರು. ಆಮೇಲೆ, “ಆ ಬಾವಲಿಗಳು ಎಲ್ಲಿಗೆ ಹೋದವೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮವರು ಆ ಬೇಸಿಗೆಯಲ್ಲಿ ಕಿರಿದಾದ ಒಳಗೋಡೆಗಳಿರುವ ಮರದ ಪೆಟ್ಟಿಗೆಯೊಂದನ್ನು ಮಾಡಿ, ಹಿತ್ತಲಲ್ಲಿ ದಿನವೆಲ್ಲ ಬಿಸಿಲು ಬೀಳುವೆಡೆ ಹದಿನೈದು ಅಡಿಯ ಕಂಬದ ಮೇಲೆ ನಿಲ್ಲಿಸಿದರು. ಎರಡು ವರ್ಷ ಅದು ಖಾಲಿಯಾಗಿಯೇ ಇತ್ತು. ಮೂರನೆಯ ವರ್ಷ, 2021ರ ಜೂನಿನಲ್ಲಿ, ಕಂಬದ ಬುಡದಲ್ಲಿ ನಾಲ್ಕು ಹಿಕ್ಕೆ ಬಿದ್ದಿದ್ದವು. ಕಡ್ಡಿಯಿಂದ ಒತ್ತಿ ನೋಡಿದೆ, ಪುಡಿಯಾದವು. ಹೇಳಲು ಅತ್ತೆಯವರಿರಲಿಲ್ಲ. ಆ ಏಪ್ರಿಲಿನಲ್ಲಿಯೇ ತೀರಿಕೊಂಡಿದ್ದರು. ವಿಮಾನಗಳ ಸಂಚಾರ ಅಸ್ತವ್ಯಸ್ತವಾಗಿದ್ದ ಆ ದಿನಗಳಲ್ಲಿ ನಮಗೆ ಹೋಗಲಾಗಲಿಲ್ಲ.

ಈ ವರ್ಷ ವಸಂತದಲ್ಲಿ ಮನೆಯ ಸುತ್ತ ಬರುವಾಗ ಬಡಗಣ ಮೂಲೆಯಲ್ಲಿ ನನ್ನ ಅಂಟು ಬೆರಳುದ್ದ ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದುದು ಕಂಡಿತು. ಅಲ್ಲಿ ಧೂಳು ಸರಿಯಾಗಿ ಝಾಡಿಸಿರಲಿಲ್ಲವೆಂದು ನೆನಪು. ನಮ್ಮವರು ಆ ಸಂಜೆಯೇ ಏಣಿ ತೆಗೆದರು. ಮೇ ತಿಂಗಳು ಹುಟ್ಟಿ ಹತ್ತು ದಿನವಾಗಿತ್ತು. ಏಣಿಯನ್ನು ಗ್ಯಾರೇಜಿನಲ್ಲಿಯೇ ಇಡಿರೆಂದೆ. ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೇನೆ. ಆ ಮೂಲೆಯಿಂದ ಇದುವರೆಗೆ ಏನೂ ಹೊರಬಿದ್ದಿಲ್ಲ. ಆದರೂ ಆಗಸ್ಟ್ ಕೊನೆಯವರೆಗೆ ಅದು ಹಾಗೆಯೇ ಇರಲಿ.